ಜೇಡದ ಹುಡುಗಿಯ ಐದನೆಯ ಪುಸ್ತಕ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಭಾನುವಾರ ದೊಡ್ಡಮ್ಮ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳೋ, ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳೋ ನನಗೆ ಖಚಿತವಿಲ್ಲ. ನನ್ನ ದಿನಚರಿ ಎರಡನ್ನೂ ಹೇಳುತ್ತದೆ. ಒಂದೇ ವಾರದಲ್ಲಿ ಎರಡು ಸಲ ಬರೆದು, ಎರಡು ಸಲವೂ ಬೇರೆ ಬೇರೆ ಬರೆದಿದ್ದೇನೆ. ಪುಸ್ತಕದ ವಿಷಯದಲ್ಲಿ ಮಾತ್ರ ಅಂಥ ಅನುಮಾನವಿಲ್ಲ. ಅದು ಈಗಲೂ ಮೇಜಿನ ಮೇಲಿದೆ, ಆರುನೂರು ಪುಟ, ಮುಖಪುಟದ ತುಂಬ ಉಬ್ಬಿಸಿದ ಚಿನ್ನದ ಬಣ್ಣದ ಜೇಡರಬಲೆ.

ಅದು ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಬಂದ ಸರಣಿಯ ಕೊನೆಯ ಪುಸ್ತಕ. ಗ್ರೀಕ್ ಪುರಾಣದಲ್ಲಿ ದೇವತೆಯೊಂದಿಗೆ ನೇಯ್ಗೆಯ ಪಂದ್ಯ ಕಟ್ಟಿ, ಶಾಪ ತಿಂದು ಜೇಡವಾದ ಹೆಂಗಸೊಬ್ಬಳಿದ್ದಾಳೆ. ಅವಳ ವಂಶದಲ್ಲಿ ಹುಟ್ಟಿದ ಹದಿನಾರರ ಹುಡುಗಿ ಈ ಕಾಲದಲ್ಲಿ ಮತ್ತೆ ಅದೇ ದೇವತೆಯನ್ನು ಕೆಣಕುವುದು ಕಥೆ. ಸರಣಿಯನ್ನು ನನ್ನ ಮನೆಗೆ ತಂದವಳು ದೊಡ್ಡಮ್ಮನ ಮಗಳು, ನನಗೆ ತಂಗಿ. ಚಳ್ಳಕೆರೆಯಲ್ಲಿ ನನ್ನ ಜೊತೆ ಇದ್ದುಕೊಂಡು ಪಿಯುಸಿ ಓದುತ್ತಿದ್ದಳು. ಅವಳು ಓದಿಟ್ಟದ್ದನ್ನು ನಾನು ಓದುತ್ತಿದ್ದೆ. ಇಂಗ್ಲಿಷ್ ಎಂ.ಎ. ಮಾಡಿದವಳು ಇಂಥದ್ದನ್ನು ಓದುತ್ತೀಯಾ ಎಂದು ಯಾರೂ ಕೇಳಲಿಲ್ಲ. ನಾನೇ ಕೇಳಿಕೊಂಡು, ಉತ್ತರ ಕೊಡದೆ ಓದಿದೆ.

ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದಾಗ ಆ ಕಥೆಯನ್ನು ಕನ್ನಡದಲ್ಲಿ ದೊಡ್ಡಮ್ಮನಿಗೆ ಹೇಳುತ್ತಿದ್ದೆ. ಅವಳು ರೇಷ್ಮೆ ಸೀರೆ ನೇಯುವವಳು. ಕೈ ಲಾಳಿಯ ಮೇಲೆ, ಕಿವಿ ನನ್ನ ಕಡೆ. ಕೇಳುತ್ತಿದ್ದ ಪ್ರಶ್ನೆಗಳಿಗೆ ಪುಸ್ತಕ ಬರೆದವರ ಬಳಿ ಉತ್ತರವಿದ್ದಂತೆ ಕಾಣಲಿಲ್ಲ.

“ಆ ದೇವತೆಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟೋರು ಯಾರು?”

“ಪುಸ್ತಕದಲ್ಲಿ ಇಲ್ಲ ದೊಡ್ಡಮ್ಮ.”

“ಅದೂ ಒಂದ್ ಪುಸ್ತಕ! ಹೋಗ್ಲಿ, ಶಾಪ ಕೊಟ್ಟು ಜೇಡ ಮಾಡಿದ್ಲು ಅಂದ್ಯಲ್ಲ, ನೇಯೋದೇನ್ ಬಿಡಿಸ್ಲಿಲ್ಲ ಮತ್ತೆ. ಅದೆಂಥ ಶಾಪ ತಾಯಿ, ನಮಗೂ ಐತಲ್ಲ ಅದು.”

ನಾಲ್ಕನೆಯ ಪುಸ್ತಕ ಹುಡುಗಿ ದೇವತೆಯ ಎದುರು ಮಗ್ಗಕ್ಕೆ ಕೂರುವಲ್ಲಿಗೆ ನಿಂತಿತ್ತು. ಐದನೆಯದು ಬರುವುದಕ್ಕೆ ಮುಂಚೆ ದೊಡ್ಡಮ್ಮನ ಬದುಕಿನಲ್ಲೇ ಒಂದು ಜಗಳ ಬಂತು.

ಅವಳು ನೇಯ್ದ ಸೀರೆಯೊಂದಕ್ಕೆ ಯಾವುದೋ ಪ್ರದರ್ಶನದಲ್ಲಿ ಬಹುಮಾನ ಬಂದಿತ್ತು. ಅವಳಿಗೆ ರೇಷ್ಮೆ, ಜರಿ, ಮಗ್ಗಕ್ಕೆ ಉದ್ದಕ್ಕೂ ಕಟ್ಟುವ ಎಳೆಗಳ ಹಾಸು ಕೊಡುತ್ತಿದ್ದ ಮಾಲೀಕ ವೇದಿಕೆ ಹತ್ತಿ, ಶಾಲು ಹೊದ್ದು, ನಾನೇ ನೇಯ್ದದ್ದು ಎಂದು ಹೇಳಿ ಬಂದಿದ್ದ. ಅವನ ಕೈ ಲಾಳಿ ಹಿಡಿದದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ಅಭಿನಂದಿಸಲು ಜನ ಅವನ ಮನೆಯಲ್ಲಿ ಕೂತಿದ್ದಾಗ ದೊಡ್ಡಮ್ಮ ಮುಗಿದ ಇನ್ನೊಂದು ಸೀರೆ ಕೊಡಲು ಹೋದಳಂತೆ. ಬಹುಮಾನದ ಸೀರೆಯನ್ನು ಅಲ್ಲೇ ಹರವಿದ್ದರು.

“ನೇಯ್ದೋರು ನೀವಾ ಸಾವ್ಕಾರ್ರೇ? ಸೆರಗಲ್ಲಿ ಒಂದ್ ಹೂವಿಗೆ ಒಂದು ಎಳೆ ತಪ್ಪೈತೆ. ಯಾವ್ ಹೂವು, ತೋರಿಸ್ರಿ ನೋಡಾಣ.”

ಅವನು ಕನ್ನಡಕ ಹಾಕಿಕೊಂಡು ಹುಡುಕಿದ. ಜನವೂ ಬಗ್ಗಿ ಹುಡುಕಿದರು. ಕೊನೆಗೆ ದೊಡ್ಡಮ್ಮನೇ ಬೆರಳಿಟ್ಟು ತೋರಿಸಿ ಎದ್ದು ಬಂದಳು. ಮಾರನೆಯ ದಿನದಿಂದ ಅವಳಿಗೆ ಹಾಸು ಬರಲಿಲ್ಲ. ಮನೆಗೆ ಬಂದು ತಪ್ಪಾಯ್ತು ಅನ್ನಲಿ, ಕೊಡ್ತೀನಿ ಎಂದು ಮಾಲೀಕ ಹೇಳಿ ಕಳಿಸಿದ. ಅವನ ಮಾತು ಮೀರಿ ಬೇರೆ ಮಾಲೀಕರೂ ಕೊಡುವಂತಿರಲಿಲ್ಲ.

ಮಗ್ಗದವರ ಮನೆಯಲ್ಲಿ ಸೀರೆ ಮುಗಿದರೂ ಹಳೆಯ ಹಾಸಿನ ತುದಿಯನ್ನು ಮಗ್ಗದ ಹಣಿಗೆಯಂಥ ಅಚ್ಚಿನಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಕೂಡಿಸುತ್ತಾರೆ. ಆ ತುದಿ ಇರುವತನಕ ಮಗ್ಗ ಕಾಯುತ್ತಿದೆ ಎಂದರ್ಥ. ಕತ್ತರಿಸಿದರೆ ಮುಗಿಯಿತು. ಮತ್ತೆ ಶುರು ಮಾಡಬೇಕೆಂದರೆ ಸಾವಿರಾರು ಎಳೆಗಳನ್ನು ಹೊಸದಾಗಿ ಪೋಣಿಸಬೇಕು. ದೊಡ್ಡಮ್ಮ ಕತ್ತರಿಸಿರಲಿಲ್ಲ. ಹೋಗಬೇಕೋ ಬೇಡವೋ ಎಂದು ತೂಗುತ್ತಿದ್ದಳು.

ಅಷ್ಟರಲ್ಲಿ ಐದನೆಯ ಪುಸ್ತಕ ಬಂತು. ತಂಗಿಗೆ ಪರೀಕ್ಷೆ ಇದ್ದುದರಿಂದ ನಾನೇ ಮೊದಲು ಓದಿದೆ. ಕೊನೆಯ ನೂರು ಪುಟಗಳನ್ನು ಮೊಳಕಾಲ್ಮೂರಿನ ಬಸ್ಸಿನಲ್ಲಿ, ಶೇಂಗಾ ಹಿಂಡಿಯ ಚೀಲದ ಮೇಲೆ ಕಾಲಿಟ್ಟುಕೊಂಡು ಓದಿದ ನೆನಪು. ನಾಲ್ಕು ಪುಸ್ತಕಗಳ ಉದ್ದಕ್ಕೂ ಹಲ್ಲು ಕಚ್ಚಿ ನಿಂತ ಹುಡುಗಿ ಐದನೆಯದರಲ್ಲಿ ದೇವತೆಯ ಪಾದ ಹಿಡಿಯುತ್ತಾಳೆ. ಅಹಂಕಾರ ನನ್ನದೇ, ಕ್ಷಮಿಸು ಎನ್ನುತ್ತಾಳೆ. ದೇವತೆ ಕಣ್ಣೀರಿಟ್ಟು ಅಪ್ಪಿಕೊಳ್ಳುತ್ತಾಳೆ. ಜೇಡವಾಗಿದ್ದ ಮುತ್ತಜ್ಜಿ ಮತ್ತೆ ಹೆಂಗಸಾಗುತ್ತಾಳೆ, ಆಗಿ ಏನು ಮಾಡುತ್ತಾಳೆ? ಅದೇ ದೇವತೆಯ ಅರಮನೆಗೆ ಪರದೆ ನೇಯುತ್ತಾಳೆ! ಇದಕ್ಕೆ ಹಿಂಬದಿಯಲ್ಲಿ ‘ಮನ ಕರಗಿಸುವ ಅಂತ್ಯ’ ಎಂದು ಅಚ್ಚಾಗಿದೆ. ಯಾರ ಬಟ್ಟೆ ಚೆನ್ನಾಗಿತ್ತು ಎಂಬ ಪ್ರಶ್ನೆಯನ್ನು ಲೇಖಕರು ಮರೆತೇಬಿಟ್ಟಿದ್ದರು. ನಾಲ್ಕು ಸಲ ಮಕ್ಕಳಿಗೆ ಧೈರ್ಯ ಮಾರಿ, ಐದನೆಯ ಸಲ ವಿಧೇಯತೆಯನ್ನು ಅದೇ ರಟ್ಟಿನೊಳಗೆ ಕಟ್ಟಿಕೊಡುವ ವ್ಯಾಪಾರ ಇದು. ಸಂತೆಯಲ್ಲಿ ಕೊಳೆತ ಬದನೆಕಾಯಿಯನ್ನು ಅಡಿಗಿಟ್ಟು ಮಾರುವವನಿಗಾದರೂ ಗಿರಾಕಿಯ ಮುಖ ನೋಡಲು ಸ್ವಲ್ಪ ಅಳುಕಿರುತ್ತದೆ.

ಆ ಭಾನುವಾರ ನಾನು ಮನೆ ಸೇರುತ್ತಲೇ ದೊಡ್ಡಮ್ಮ ಕೇಳಿದ ಮೊದಲ ಮಾತೇ ಕಥೆಯ ಕೊನೆ. “ಆ ಹುಡುಗಿ ಏನ್ ಮಾಡಿದ್ಲು? ಹೇಳು, ನಾನೂ ಹಂಗೇ ಮಾಡ್ತೀನಿ.”

ತಮಾಷೆಗೆ ಕೇಳಿದಳೆಂದು ಬರೆದುಕೊಂಡರೆ ನನಗೆ ಅನುಕೂಲ. ನಕ್ಕಿದ್ದಳು ಎಂಬುದೂ ನಿಜ. ಆದರೆ ಉತ್ತರ ಬರುವವರೆಗೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ ಎಂಬುದೂ ನೆನಪಿದೆ.

“ಬಗ್ಗಲಿಲ್ಲ ದೊಡ್ಡಮ್ಮ,” ಎಂದೆ. “ನನ್ನ ಬಟ್ಟೆನೇ ಚೆನ್ನಾಗಿರೋದು ಅಂತ ಮುಖಕ್ಕೆ ಹೇಳಿ ಎದ್ದು ಬಂದ್ಲು.”

“ಆಮೇಲೆ ಊಟಕ್ಕೆ?”

“ಬೇರೆ ಊರಲ್ಲಿ ಮಗ್ಗ ಹಾಕಿದ್ಲು.”

“ಹಾಸು ಯಾರು ಕೊಟ್ರು?”

“ಊರಿನೋರೆಲ್ಲ ಸೇರಿ ಕೊಟ್ರು.”

ಊರಿನವರೆಲ್ಲ ಸೇರಿ! ಮೊಳಕಾಲ್ಮೂರಿನಲ್ಲಿ ಕೂತು ಈ ಮಾತು ಆಡಲು ನನಗೆ ನಾಚಿಕೆಯಾಗಲಿಲ್ಲ. ಅಚ್ಚಾದ ಕೊನೆಯನ್ನು ಹೀಯಾಳಿಸುತ್ತ ನಾನು ಕಟ್ಟಿದ ಕೊನೆ ಅದಕ್ಕಿಂತ ಅಗ್ಗದ್ದು. ಪುಸ್ತಕದವರಿಗೆ ದೇವತೆಯ ಕಣ್ಣೀರು ಸಾಕಾಗಿತ್ತು, ನನಗೆ ಒಂದು ಊರಿಗೆ ಊರೇ ಬೇಕಾಯಿತು. ತಿಂಗಳ ಸಂಬಳ ಬರುವವಳಿಗೆ ಪರರ ಸ್ವಾಭಿಮಾನದ ಮೇಲೆ ಇರುವ ಪ್ರೀತಿ ದೊಡ್ಡದು.

ಆ ವಾರವೇ ಇರಬೇಕು, ಅಥವಾ ಮುಂದಿನ ವಾರ, ದೊಡ್ಡಮ್ಮ ಫೋನಿನಲ್ಲಿ ಹೇಳಿದಳು. “ಎಳೆ ಕತ್ತರಿಸ್ಬಿಟ್ಟೆ ಕಣವ್ವ.” ನಾನು ಭಲೇ ಎಂದೆ.

ಈಗ ಮಗ್ಗದ ಗುಣಿಯ ಮೇಲೆ ಹಲಗೆ ಮುಚ್ಚಿದ್ದಾರೆ. ದೊಡ್ಡಮ್ಮ ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರಲ್ಲಿ ಸೀರೆಗಳಿಗೆ ಫಾಲ್ ಹೊಲಿಯುತ್ತಾಳೆ. ಎಲ್ಲಾ ಯಂತ್ರದ ಸೀರೆಗಳು. ಮುಟ್ಟಿದರೆ ಜಾರುತ್ತವೆ ಎಂದು ಬೈಯುತ್ತಾಳೆ.

ಪರೀಕ್ಷೆ ಮುಗಿದ ಮೇಲೆ ತಂಗಿ ಪುಸ್ತಕ ಓದಿದಳು. ಊರಿಗೆ ಹೋಗಿ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು.

“ಅಕ್ಕ, ಅವ್ವಂಗೆ ಯಾಕೆ ಸುಳ್ಳು ಹೇಳ್ದೆ? ನಾನು ಕೊನೆ ಹೇಳಿದ್ರೆ, ಹಂಗಲ್ಲ, ನಿಮ್ಮಕ್ಕ ಬೇರೆ ಹೇಳವಳೆ ಅಂತು.”

“ನೀನೇನಂದೆ?”

“ಪುಸ್ತಕ ತೆಗ್ದು ಸಾಲು ಸಾಲು ಓದಿ ಹೇಳ್ದೆ.”

“ಅದಕ್ಕೆ ದೊಡ್ಡಮ್ಮ ಏನಂದ್ಲು?”

“ಉಣ್ಣಾಕೆ ಇಕ್ತು.”

ನಾನು ಮುಂದಿನ ಭಾನುವಾರವೇ ಹೋದೆ. ದೊಡ್ಡಮ್ಮ ಬೈಯಲಿಲ್ಲ, ಪುಸ್ತಕದ ಮಾತೆತ್ತಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ ಎಂದು ತಿಳಿದೇ ಸುಮ್ಮನಿದ್ದಳೋ, ಅಥವಾ ಇದೂ ನಾನು ನನಗಾಗಿ ಕಟ್ಟಿಕೊಂಡ ಮಾತೋ. ಹೊರಡುವ ಹೊತ್ತಿಗೆ ಕೇಳಿಯೇಬಿಟ್ಟೆ. ಅವಳು ಸೂಜಿಗೆ ದಾರ ಏರಿಸುತ್ತಿದ್ದಳು. ಏರಿಸಿ, ಗಂಟು ಹಾಕಿ, ಬಸ್ಸಿಗೆ ಹೊತ್ತಾಯ್ತು ನೋಡು ಎಂದಳು. ಆಮೇಲೆ ಎರಡು ಸಲ ಹೋಗಿ ಬಂದೆ, ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ದೊಡ್ಡಮ್ಮ, ಪುಸ್ತಕದಲ್ಲಿದ್ದಂಗೇ ಹೇಳಿದ್ರೆ ನೀನು ಆ ಸಾವ್ಕಾರನ ಮನೆಗೆ ಹೋಗ್ತಿದ್ಯಾ?”