ನಾಲ್ಕನೆಯ ಅಂಚಿನ ಜರಿ

ನಾಯ್‌ರುಪ್ಪಿನ್ ಊರಿನಲ್ಲಿ ಸಿಪಾಯಿಗಳು ಇರುವ ಪಡೆಮನೆಯ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಒಟ್ಟೀಲಿ ಬೇನ್‌ಕೆಗೆ ಸರ್ಕಾರ ಬದಲಾದದ್ದು ತಿಳಿಯುತ್ತಿದ್ದುದು ಕತ್ತರಿಯಿಂದಲೇ. ಯುದ್ಧ ಸೋತ ದೊರೆ ಕೈಸರ್ ದೇಶ ಬಿಟ್ಟ ಮರುವರ್ಷ, ಹುದ್ದೆ ತೋರುವ ಭುಜಪಟ್ಟಿ ಬೇಡ, ತೋಳಿಗೆ ನೀಲಿ ಪಟ್ಟಿ ಹಚ್ಚಿ ಎಂದು ಹುಕುಂ ಬಂತು. ಹಚ್ಚಿದಳು. ಆ ಕೆಲಸ ಮುಗಿಯುವಷ್ಟರಲ್ಲಿ, ನೀಲಿ ಕಿತ್ತು ಭುಜಪಟ್ಟಿಯನ್ನೇ ಹಾಕಿ ಎಂದರು. “ಇವರಿಗೇನು ಬೇರೆ ಕಸುಬಿಲ್ವಾ?” ಎಂದು ಬೈಯುತ್ತಲೇ ಕಿತ್ತಳು, ಬೈಯುತ್ತಲೇ ಹೊಲಿದಳು. ಹೊಟ್ಟೆ ತುಂಬುತ್ತಿತ್ತಲ್ಲ, ಬಿಡಿ.

ಅವಳ ಸ್ವಂತ ಸಂಕಟ ಬೇರೆಯೇ ಇತ್ತು. ಅವಳು ಮೆಚ್ಚಿದ ಗಂಡು ಸಿಪಾಯಿ ಆಲ್ವಿನ್ ಕ್ರೋನ್. ಸಿಪಾಯಿ ಮದುವೆಯಾಗಲು ಕ್ಯಾಪ್ಟನ್ ಅಪ್ಪಣೆ ಬೇಕು. ಬಡ್ತಿ ಸಿಕ್ಕಿ ಭುಜಕ್ಕೆ ಬೆಳ್ಳಿ ಜರಿ ಬರುವವರೆಗೆ ಆ ಮಾತೇ ಎತ್ತಬೇಡ ಎಂದು ಕ್ಯಾಪ್ಟನ್ ಹೆಲ್‌ವಿಗ್ ಕಡ್ಡಿ ಮುರಿದಂತೆ ಹೇಳಿದ್ದರು. ಯುದ್ಧ ಸೋತ ಮೇಲೆ ಸೈನ್ಯವೋ ಅಂಗೈಯಷ್ಟಾಗಿತ್ತು. ಮೇಲಿನವನು ಜಾಗ ಬಿಡದೆ ಕೆಳಗಿನವನಿಗೆ ಬಡ್ತಿಯಿಲ್ಲ. ಒಟ್ಟೀಲಿ ವರ್ಷಗಟ್ಟಲೆ ಕಂಡವರ ಗಂಡಂದಿರಿಗೆಲ್ಲ ಜರಿ ಹೊಲಿದಳು. ತನ್ನವನ ಭುಜ ಮಾತ್ರ ಬೋಳು.

“ಏನಮ್ಮಾ, ನಿನ್ನ ಗಂಡು ಪಿಂಚಣಿ ಬಂದ್ಮೇಲೆ ಮದುವೆ ಆಗ್ತಾನಂತಾ?” ಎಂದು ಪಕ್ಕದ ಬೇಕರಿಯ ಲೀನಾ ಕಿಚಾಯಿಸುವಳು.

“ಆಗ್ಲಿ ಬಿಡೇ. ನಿನ್ನ ಬ್ರೆಡ್ಡಿನ ಥರ ಸಂಜೆಗೇ ಹಳಸಲ್ಲ ಅವನು.”

ಕೊನೆಗೂ ಒಂದು ಶನಿವಾರ ಬಡ್ತಿಯವರ ಪಟ್ಟಿಯಲ್ಲಿ ಆಲ್ವಿನ್ ಹೆಸರು ಓದಿದರು. ಬಡ್ತಿ ಬಂದವನ ಜರಿಯನ್ನು ಅವನ ಹೆಂಡತಿಯೋ, ಹೆಂಡತಿಯಾಗುವವಳೋ ಹೊಲಿಯಬೇಕು; ಹೊಲಿಗೆ ಬಾರದವಳಿಗೆ ಒಟ್ಟೀಲಿಯೇ ಗತಿ. ಅದನ್ನು ತೊಟ್ಟು ಅಂದೇ ಸಂಜೆ ಅವನು ಎಲ್ಲರಿಗೂ ಬಿಯರ್ ಕುಡಿಸಬೇಕು. ಅಲ್ಲಿನ ರೂಢಿ ಅದು. ಒಟ್ಟೀಲಿ ಅಂಗಡಿ ಬಾಗಿಲು ಹಾಕಿ ಕೂತಳು. ಹೊಸದಾಗಿ ಬಡ್ತಿ ಬಂದವನಿಗೆ ಭುಜಪಟ್ಟಿಯ ಮೂರು ಅಂಚಿಗಷ್ಟೇ ಜರಿ. ತೋಳಿನ ಕಡೆಯದು ಖಾಲಿ. ನಾಲ್ಕೂ ಅಂಚಿಗೆ ಸುತ್ತಿದರೆ ಅದು ಅದರ ಮೇಲಿನ ಹುದ್ದೆ. ಕಣ್ಣು ಮುಚ್ಚಿಕೊಂಡು ಹೊಲಿಯಬಲ್ಲ ಮಹಾರಾಯ್ತಿ, ಖುಷಿಯ ಭರದಲ್ಲಿ ನಾಲ್ಕೂ ಕಡೆ ಸುತ್ತಿಬಿಟ್ಟಳು!

ಸಂಜೆ ಬಿಯರ್ ಅಂಗಡಿಯಲ್ಲಿ ಮೇಲಿನ ಹುದ್ದೆಯವನೊಬ್ಬ ಆಲ್ವಿನ್‌ನ ಭುಜ ನೋಡಿ ಕೆಂಡವಾದ. “ಅಬ್ಬಬ್ಬಾ! ಬೆಳಿಗ್ಗೆ ಒಂದು ಬಡ್ತಿ, ಸಂಜೆಗೆ ಇನ್ನೊಂದಾ? ನಾಳೆ ಜನರಲ್ ಆಗ್ತೀಯೇನೋ ಮಗನೇ?”

ಇಲ್ಲದ ಹುದ್ದೆ ತೊಡುವುದು ಸೈನ್ಯದಲ್ಲಿ ತಮಾಷೆಯಲ್ಲ. ಆಲ್ವಿನ್ ಸೆರೆಕೋಣೆ ಸೇರಿದ. ಬಂದ ಬಡ್ತಿಯೂ ಹೋಯಿತು, ಮದುವೆಯೂ ಹೋಯಿತು ಎಂದು ಊರೆಲ್ಲ ಗುಲ್ಲು.

ಬೆಳಗಾಗುತ್ತಲೇ ಒಟ್ಟೀಲಿ ಕತ್ತರಿ ಹಿಡಿದು ಕ್ಯಾಪ್ಟನ್ ಮುಂದೆ ನಿಂತಳು. “ತಪ್ಪು ನಂದು ಸ್ವಾಮೀ. ಅವನು ಬಡಪಾಯಿ, ನೋಡೇ ಇಲ್ಲ.”

ಕ್ಯಾಪ್ಟನ್ ಆಲ್ವಿನ್‌ನನ್ನು ಕರೆಸಿದರು. “ನೋಡಿರ್ಲಿಲ್ವೇನಯ್ಯಾ?”

“ನೋಡಿದ್ದೆ ಸಾರ್.”

ಒಟ್ಟೀಲಿಗೆ ಸಿಟ್ಟು ನೆತ್ತಿಗೇರಿತು. “ಅಯ್ಯೋ ಮಂಕೇ, ನೋಡೀ ನೋಡೀ ಯಾಕೋ ತೊಟ್ಟೆ? ಒಂದು ಮಾತು ಹೇಳಬಾರದಿತ್ತಾ?”

ಆಲ್ವಿನ್ ತಲೆ ತಗ್ಗಿಸಿದ. “ತೊಡಿಸುವಾಗ ನೀನು ನಗ್ತಾ ಇದ್ದೆ. ಇಷ್ಟು ವರ್ಷದಲ್ಲಿ ನಿನ್ನ ಮುಖ ಹಂಗೆ ಕಂಡಿದ್ದು ನಿನ್ನೇನೇ. ಬಿಚ್ಚು ಅಂತ ಹೆಂಗೆ ಹೇಳ್ಲಿ?”

ಊರಿಗೇ ಬಾಯಿಬಡುಕಿ ಎನಿಸಿಕೊಂಡವಳು ಕತ್ತರಿ ಎತ್ತಿ ಅವನ ಭುಜಕ್ಕೆ ಕೈಹಾಕಿದಳು. ಗಳಗಳನೆ ಅಳುತ್ತಲೇ ನಾಲ್ಕನೆಯ ಅಂಚು ಬಿಚ್ಚಿದಳು. ಕ್ಯಾಪ್ಟನ್ ಕಿಟಕಿಯತ್ತ ತಿರುಗಿ ನಿಂತರು. “ಕಾನೂನು ಕಾನೂನೇ. ಒಂದು ವಾರ ಒಳಗಿರು. ಆಮೇಲೆ ಇವಳನ್ನ ಕಟ್ಕೊಂಡು ಹಾಳಾಗಿ ಹೋಗು!”

ವಾರ ಕಳೆದದ್ದೇ ತಡ, ಸೆರೆಕೋಣೆಯ ಬಾಗಿಲಿಂದ ಅವನನ್ನು ನೇರ ಚರ್ಚಿಗೆ ಎಳೆದೊಯ್ದಳು. ಗಡ್ಡ ಬೋಳಿಸಲೂ ಬಿಡಲಿಲ್ಲ. ಪಾದ್ರಿ ಕೇಳಿ ಮುಗಿಸುವ ಮೊದಲೇ “ಒಪ್ಪಿಗೆ, ಒಪ್ಪಿಗೆ” ಎಂದುಬಿಟ್ಟಳು.