ಪಾದ ಸೋಕದ ನೀರು

ಆ ಭಾನುವಾರ ನಾನು ಎದ್ದಾಗ ಐದೂಮುಕ್ಕಾಲು. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ಪುಟ್ಟದೊಂದು ರಂಗೋಲಿ ಎಳೆದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯೊಂದು ಸೋರಿ ಗೇಟಿನ ಚೀಲದ ತಳವೆಲ್ಲ ಒದ್ದೆಯಾಗಿತ್ತು. ಅದನ್ನು ತೊಳೆದು ಒಣಹಾಕಿದೆ. ಯಾದವಗಿರಿಯ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಕೋಗಿಲೆಯದೊಂದೇ ಗಲಾಟೆ.

ಇಡ್ಲಿ ಪಾತ್ರೆ ಒಲೆಯ ಮೇಲಿಟ್ಟು, ಫ್ರಿಜ್ಜಿಗೆ ಒರಗಿ ನಿಂತು ನನ್ನ ಕಾರ್ಡು ಓದಿಕೊಳ್ಳುತ್ತಿದ್ದೆ. ಯಜಮಾನರು ಲೋಟ ಹಿಡಿದು ಬಂದರು.

"ಮೂರು ವರ್ಷದಿಂದ ಅದೇ ಭಾಷಣ. ನನಗೇ ಬಾಯಿಪಾಠ ಆಗೋಗಿದೆ. ಇನ್ನೂ ಏನು ಓದ್ತೀಯೆ?"

"ಮರೆತುಹೋದ್ರೆ?"

"ಮರೆತ್ರೆ ಏನು, ನಿಮ್ಮ ಕಾನ್ವೆಂಟ್ ಸಿಸ್ಟರ್ ಬಂದು ಬೆಂಚ್ ಮೇಲೆ ನಿಲ್ಲಿಸ್ತಾರಾ? ಹೊರಡು ನೀನು. ಚಟ್ನಿ ನಾನೇ ರುಬ್ಕೋತೀನಿ."

"ಉಪ್ಪು ಎರಡೆರಡು ಸಲ ಹಾಕ್ಬೇಡಿ ಮತ್ತೆ."

ನಾನು ಹೋಗಬೇಕಿದ್ದದ್ದು ಕತ್ತಲಕೊಳಕ್ಕೆ. ಹಳೆಯ ಅಗ್ರಹಾರದ ಬೀದಿಯೊಂದರಲ್ಲಿ ಬೀಗ ಬಿದ್ದ ಛತ್ರವಿದೆ. ಅದರ ಅಂಗಳದ ಕೆಳಗೆ, ನೆಲದೊಳಗೆ, ಕಲ್ಲುಕಂಬಗಳ ಮೇಲೆ ಚಾವಣಿ ಹೊತ್ತ ನೀರಿನ ಕೊಳ. ಮಳೆಗಾಲದಲ್ಲಿ ಸುತ್ತಲಿನ ಮಾಡುಗಳ ನೀರೆಲ್ಲ ಅದಕ್ಕೇ ಇಳಿಯುತ್ತಿತ್ತಂತೆ. ಅಂಗಳದಲ್ಲಿ ಚೌಕಾಕಾರದ ಕಿಂಡಿಗಳು. ಬೀದಿಯ ಮನೆಗಳವರು ಅವುಗಳಿಂದ ಹಗ್ಗ ಬಿಟ್ಟು ನೀರು ಸೇದುತ್ತಿದ್ದರು. ಮನೆಮನೆಗೆ ನಲ್ಲಿ ಬಂದ ಮೇಲೆ ಕೊಳವನ್ನು ಮರೆತರು. ಊರಿನ ಹಳೆಯ ಕಟ್ಟಡಗಳ ಮೇಲೆ ಪ್ರೀತಿಯಿರುವ ನಾಲ್ಕೈದು ಜನ ಅಂಗಳದ, ಮೆಟ್ಟಿಲಿನ ಕಸ ತೆಗೆಸಿ, ತಿಂಗಳ ಕೊನೆಯ ಭಾನುವಾರ ಜನರಿಗೆ ತೋರಿಸುವ ಏರ್ಪಾಡು ಮಾಡಿದಾಗ ವಿವರಿಸುವುದಕ್ಕೆ ನನ್ನನ್ನು ಕೇಳಿದರು. ಕಾನ್ವೆಂಟಿನಲ್ಲಿ ಓದಿದವಳು, ಫಾರಿನ್ನಿನವರು ಬಂದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ ಎಂದು ಅವರ ಲೆಕ್ಕ. ಮೂರು ವರ್ಷದಲ್ಲಿ ಫಾರಿನ್ನಿನವರು ಬಂದದ್ದು ಎರಡೇ ಸಲ. ಆದರೂ ನಾನು ಎಲೊಕ್ಯೂಷನ್ ಸ್ಪರ್ಧೆಗೆ ಕಲಿತ ಹಾಗೆಯೇ ಕಲಿತಿದ್ದೆ: ಕೈ ಆಡಿಸಬಾರದು, ಕೊನೆಯ ಬೆಂಚಿನವರನ್ನು ನೋಡಬೇಕು, ಮುಖ್ಯವಾದ ಮಾತಿಗೆ ಮುಂಚೆ ಒಂದು ಉಸಿರು ನಿಲ್ಲಬೇಕು.

ನನ್ನ ಮುಖ್ಯವಾದ ಮಾತು ಇದು: "ಕಟ್ಟಿದ ದಿನದಿಂದ ಇವತ್ತಿನವರೆಗೂ ಇದು ಮನುಷ್ಯರ ಪಾದ ಸೋಕದ ನೀರು." ಇದನ್ನು ನನಗೆ ಕೊಟ್ಟವರು ನಮ್ಮ ಪಕ್ಕದ ಮನೆಯವರು. ಎಪ್ಪತ್ತರ ಹತ್ತಿರದ ಹೆಂಗಸು. ಅವರ ತವರು ಆ ಛತ್ರದ ಎದುರುಮನೆ, ಆ ನೀರು ಕುಡಿದೇ ಬೆಳೆದವರು. ಅವರು ಹೇಳಿದ್ದನ್ನು ಹಾಗೆಯೇ ಕಾರ್ಡಿನಲ್ಲಿ ಬರೆದುಕೊಂಡಿದ್ದೆ. ಆ ವಾಕ್ಯ ಬಂದಾಗ ಕೇಳುವವರು ನೀರಿನ ಕಡೆ ತಿರುಗುತ್ತಿದ್ದರು. ನನಗೆ ಅದು ಇಷ್ಟ.

ಆ ದಿನ ಬಂದವರು ನಾಲ್ಕೇ ಜನ. ಒಂದು ಹೊಸ ಜೋಡಿ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡು ಹತ್ತು ನಿಮಿಷಕ್ಕೆ ಹೊರಟಿತು. ಉಳಿದವರು ಅಕ್ಕ, ತಮ್ಮ. ಅಕ್ಕನಿಗೆ ಐವತ್ತರ ಆಸುಪಾಸು. ಇಸ್ತ್ರಿ ಮಾಡಿದ ಹತ್ತಿಸೀರೆ, ಭುಜಕ್ಕೆ ಪಿನ್ನು, ಕೈಯಲ್ಲಿ ಮಡಿಸಿದ ಒಂದು ಟವೆಲ್. ನೋಡಲು ಬರುವವರು ಟವೆಲ್ ತಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ತಮ್ಮನ ಉಗುರಿನ ಸಂದಿಯಲ್ಲಿ ಗ್ರೀಸು. ಉದಯಗಿರಿಯಲ್ಲಿ ಗ್ಯಾರೇಜು ಎಂದ.

ಕಿರಿದಾದ ಮೆಟ್ಟಿಲಿನಲ್ಲಿ ಇಳಿದು ಕೆಳಗೆ ನಿಂತೆವು. ಬೇಸಿಗೆಯಾದ್ದರಿಂದ ನೀರು ಮೊಣಕಾಲಿನ ಆಳಕ್ಕೆ ಇಳಿದಿತ್ತು. ಎರಡು ಕಿಂಡಿಗಳಿಂದ ಬಿದ್ದ ಬಿಸಿಲು ನೀರಿನ ಮೇಲೆ ಎರಡು ಚೌಕವಾಗಿತ್ತು. ಕೊನೆಯ ಮೆಟ್ಟಿಲಿಗೆ ಮುಂಚೆ, ಯಾರೂ ದಾಟದಿರಲೆಂದು ನಾನೇ ಕಟ್ಟಿದ ನೀಲಿ ಪ್ಲಾಸ್ಟಿಕ್ ಹಗ್ಗ. ನಾನು ಕೈಕಟ್ಟಿ ಶುರುಮಾಡಿದೆ. ಉಸಿರು ನಿಲ್ಲಿಸಿ ಮುಖ್ಯವಾದ ಮಾತನ್ನೂ ಹೇಳಿದೆ.

"ಒಂದ್ನಿಮಿಷ ಮೇಡಂ," ಎಂದರು ಆಕೆ. ಕಂಬಗಳ ನಡುವೆ ಆ ದನಿ ಮೊಳಗಿತು. "ಪಾದ ಸೋಕಿಲ್ಲ ಅಂದ್ರಲ್ಲ, ಯಾರ್ ಏಳಿದ್ರು?"

"ಈ ಬೀದಿಯವರೇ ಹೇಳಿದ್ದು."

"ನಮ್ಮಪ್ಪ ಹತ್ತೊಂಬತ್ತು ವರ್ಸ ಇದ್ರೊಳಗೆ ಇಳಿದು ಹೂಳೆತ್ತವ್ನೆ ಕಣ್ರೀ."

"ಸುರು ಮಾಡಿದ್ಲು," ಎಂದ ತಮ್ಮ. "ಬೇಜಾರು ಮಾಡ್ಕೋಬೇಡಿ ಮೇಡಂ. ನಮ್ಮಕ್ಕ ಸಿಟಿ ಬಸ್ ಕಂಡಕ್ಟರು. ಯಾರ್ ಸಿಕ್ಕಿದ್ರೂ ಟಿಕೆಟ್ ಕೇಳ್ದೆ ಬುಡಲ್ಲ."

"ನೀನು ಸುಮ್ನೆ ನಿಂತ್ಕೊ. ಮೇಡಂ, ವರ್ಸಕ್ಕೊಂದು ದಿನ, ಯುಗಾದಿಗೆ ಮುಂಚೆ. ಮೊದ್ಲು ಆ ಕಿಂಡೀಲಿ ಲಾಟೀನು ಇಳಿಬಿಡೋರಂತೆ. ಅದು ಆರೋಯ್ತು ಅಂದ್ರೆ ಒಳಗೆ ಗಾಳಿ ಕೆಟ್ಟೈತೆ ಅಂತ. ಆರ್ದೆ ಇದ್ರೆ ಮೊದ್ಲು ಇಳಿಯೋನು ನಮ್ಮಪ್ಪ. ಕೆಸರು ಬಾಚಿ, ಪಾಚಿ ಕೆರೆದು, ಬಿರುಕು ಬಿಟ್ಟ ಕಡೆ ಉಳೀಲಿ ಕೆತ್ತಿ ಗಾರೆ ತುಂಬೋನು. ಸಂಜೆ ಅವನು ಮೇಲೆ ಬಂದ್ಮೇಲೆ ಪುರೋಹಿತ್ರು ಬಂದು ಕೊಳ ಸುದ್ಧ ಮಾಡೋರು. ಕುಡಿಯೋಕೆ ಒಂದ್ ಚೊಂಬು ನೀರು ಬೇಕು ಅಂದ್ರೆ ಅವನು ಬೀದಿ ಕೊನೆ ನಲ್ಲಿಗೆ ಓಗ್ಬೇಕಿತ್ತು."

ಆಕೆ ಇದನ್ನು ಕೋಪವಿಲ್ಲದೆ, ಬಸ್ಸು ಯಾವ ಯಾವ ಸ್ಟಾಪಿಗೆ ಹೋಗುತ್ತದೆಂದು ಹೇಳುವ ಹಾಗೆ ಹೇಳಿದರು. ನನ್ನ ಕೈಯಲ್ಲಿದ್ದ ಕಾರ್ಡನ್ನು ನಾನು ಬ್ಯಾಗಿನೊಳಗೆ ಹಾಕಿಕೊಂಡೆ. "ನನಗೆ ಗೊತ್ತಿರಲಿಲ್ಲ," ಎಂದೆ. ಅದು ನಿಜವೇ, ಆದರೂ, ಇಷ್ಟು ದೊಡ್ಡ ಕೊಳದ ಹೂಳನ್ನು ಯಾರು ಎತ್ತುತ್ತಿದ್ದರೆಂದು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲವಲ್ಲ. ನಮ್ಮ ಮನೆಯ ಸಂಪನ್ನು ವರ್ಷಕ್ಕೊಮ್ಮೆ ನಿಂತು ತೊಳೆಸುವವಳು ನಾನೇ.

ಆಕೆ ಬಂದಿದ್ದ ಕಾರಣ ಆಮೇಲೆ ಹೇಳಿದರು. ತಂದೆ ಕಳೆದ ಯುಗಾದಿಯ ಹೊತ್ತಿಗೆ ತೀರಿಕೊಂಡಿದ್ದರು. ಪ್ರತಿ ವರ್ಷ ಕೆಲಸ ಮುಗಿದ ಮೇಲೆ ಮಿಕ್ಕವರನ್ನು ಮೇಲೆ ಕಳಿಸಿ, ಮೂರನೇ ಕಂಬದ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಉಳಿಯಿಂದ ಒಂದು ಗೆರೆ ಕೊರೆದು ಬರುತ್ತಿದ್ದೆ ಎಂದು ಮಕ್ಕಳಿಗೆ ಹೇಳಿದ್ದರಂತೆ. ಮೆಟ್ಟಿಲಿನಿಂದ ಕಾಣದು, ಒಳಗೆ ಇಳಿದವರಿಗೆ ಮಾತ್ರ ಕಾಣುತ್ತದೆ ಎಂದಿದ್ದರು. ಮನೆಯಲ್ಲಿ ಯಾರೂ ನಂಬಲಿಲ್ಲ. ತಾತನ ಬುರುಡೆ ಎಂದು ಮೊಮ್ಮಕ್ಕಳು ನಗುತ್ತಿದ್ದರು.

"ಅಪ್ಪ ಇದ್ರೊಳಗೆ ಮೊಸಳೆ ಐತೆ ಅಂತಾನೂ ಏಳಿದ್ದ," ಎಂದ ತಮ್ಮ. "ಅದನ್ನೂ ಹುಡುಕುಸ್ತೀಯೇನಕ್ಕ?"

"ಅದು ನೀನು ಉಣ್ಣದೆ ಅಳ್ತಿದ್ದೆ ಅಂತ ಏಳಿದ್ದು ಕಣೋ ಮಂಕೆ. ಇದು ಅಂಗಲ್ಲ. ಕೊನೆ ಸಲ ಆಸ್ಪತ್ರೇಲಿ ಮಲಗಿದ್ದಾಗ ಕೈ ಹಿಡ್ಕೊಂಡು ಏಳ್ದ, ಓಗಿ ನೋಡು ಅಂತ. ಸಾಯೋ ಮನುಸ ಯಾಕೆ ಸುಳ್ಳು ಏಳ್ತಾನೆ?" ಆಕೆ ನನ್ನ ಕಡೆ ತಿರುಗಿದರು. "ಮೇಡಂ, ಒಂದೇ ಒಂದ್ಸಲ ಇಳಿದು ನೋಡ್ಕೊಂಡು ಬಂದ್ಬುಡ್ತೀನಿ. ನೀರು ಗಲೀಜು ಮಾಡಲ್ಲ."

ಕೊನೆಯ ಮಾತು ಕೇಳಿ ನನ್ನ ಮುಖ ಬಿಸಿಯಾಯಿತು. ಶಾಲೆಯ ಮೆಟ್ಟಿಲಲ್ಲಿ ಎಡಗಡೆಯೇ ನಡೆಯಬೇಕೆಂದು ಸಿಸ್ಟರ್ ಹೇಳಿದ್ದಕ್ಕೆ ಇಂದಿಗೂ ಸಿನಿಮಾ ಮಂದಿರದಲ್ಲಿ ಎಡಗಡೆಯೇ ಹತ್ತುವವಳು ನಾನು. ಯಾರನ್ನೂ ಹಗ್ಗ ದಾಟಿಸಬಾರದೆಂದು ಏರ್ಪಾಡು ಮಾಡಿದವರು ನನಗೆ ಸ್ಪಷ್ಟವಾಗಿ ಹೇಳಿದ್ದರು. ಗಂಟು ಬಿಗಿಯಾಗಿತ್ತು, ಬಿಚ್ಚಲು ಉಗುರು ಸಾಲಲಿಲ್ಲ. ನನ್ನ ಸೆರಗಿನ ಸೇಫ್ಟಿ ಪಿನ್ ತೆಗೆದು ಅದರ ಮೊನೆಯಿಂದ ಸಡಿಲಿಸಿದೆ.

"ನಾನೂ ಬರ್ತೀನಿ ನಡೀರಿ," ಎಂದೆ. "ಒಬ್ಬೊಬ್ಬರೇ ಇಳಿಯೋದು ಬೇಡ."

ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿಕೊಂಡೆವು. ನೀರು ಅಷ್ಟು ತಣ್ಣಗಿರುತ್ತದೆಂದು ಎಣಿಸಿರಲಿಲ್ಲ. ಕಾಲಡಿಯ ಹೂಳು ರಾಗಿಹಿಟ್ಟಿನ ಸರಿಯಷ್ಟು ನುಣ್ಣಗೆ, ಬೆರಳುಗಳ ನಡುವೆ ನುಗ್ಗುತ್ತಿತ್ತು. ಆಕೆ ನನ್ನ ಮೊಣಕೈ ಹಿಡಿದು, "ಮುಂದೆ ಓಗಿ, ಮುಂದೆ ಜಾಗ ಐತೆ," ಎಂದು ಅಭ್ಯಾಸಬಲದಿಂದ ಹೇಳಿ ತಾವೇ ನಕ್ಕರು. ತಮ್ಮನೂ ಗೊಣಗುತ್ತ ಪ್ಯಾಂಟು ಮಡಿಸಿ, ಮೊಬೈಲಿನ ಟಾರ್ಚು ಹಿಡಿದು ಹಿಂದೆ ಬಂದ.

ಮೂರನೇ ಕಂಬದ ಹಿಂದೆ ಗೋಡೆಗೂ ಕಂಬಕ್ಕೂ ಒಬ್ಬರು ನಿಲ್ಲುವಷ್ಟೇ ಜಾಗ. ಆಕೆ ಒಳಗೆ ಸರಿದರು. ತಮ್ಮ ಪಕ್ಕದಿಂದ ಬೆಳಕು ಬಿಟ್ಟ. ಕಲ್ಲಿನ ಮೇಲೆ ಹಸಿರು ಪಾಚಿ, ಬೇರೇನೂ ಇಲ್ಲ.

"ಆಯ್ತಾ? ನಡಿ," ಎಂದ.

ಆಕೆ ಟವೆಲ್ ಬಿಚ್ಚಿ ಕಲ್ಲನ್ನು ಒರೆಸತೊಡಗಿದರು. ಮಗುವಿನ ಬೆನ್ನು ಒರೆಸುವ ಹಾಗೆ ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ. ಎದೆಯ ಎತ್ತರದಲ್ಲಿ ಮೊದಲು ಒಂದು ಗೆರೆ ಕಂಡಿತು, ಹೆಬ್ಬೆರಳಿನಷ್ಟು ಉದ್ದ, ಅಡ್ಡಕ್ಕೆ. ಅದರ ಕೆಳಗೆ ಇನ್ನೊಂದು. ಮತ್ತೊಂದು. ಆಕೆ ಬೆರಳಿಟ್ಟು ಎಣಿಸುತ್ತ ಬಂದರು. ನೀರಿನ ಮಟ್ಟಕ್ಕೆ ಬಂದಾಗ ಹದಿನಾರು. ತೋಳು ಮುಳುಗುವಷ್ಟು ಬಗ್ಗಿ ನೀರಿನೊಳಗೆ ತಡವಿದರು. ಮುಖ ಅರ್ಧ ಪಕ್ಕಕ್ಕೆ ತಿರುಗಿತ್ತು, ಕಣ್ಣು ಮುಚ್ಚಿದ್ದವು.

"ಹದಿನೇಳು. ಹದಿನೆಂಟು." ಇನ್ನೂ ಬಗ್ಗಿ, "ಹತ್ತೊಂಬತ್ತು," ಎಂದರು.

ಎದ್ದು ನಿಂತಾಗ ತೋಳಿನಿಂದ ನೀರು ಸುರಿಯುತ್ತಿತ್ತು. "ನೀರು ಕುಡಿಯೋಕೆ ಬುಡ್ನಿಲ್ಲ, ಎಸ್ರು ಬರೆಯೋಕೆ ಅಕ್ಸರ ಬರ್ನಿಲ್ಲ, ಅದ್ಕೆ ಗೆರೆ ಎಳೆದು ಬಂದೆ ಅನ್ನೋನು," ಎಂದರು ನನಗೆ. ಆಕೆ ಈಚೆ ಬಂದ ಮೇಲೆ ನಾನು ಒಳಗೆ ಸರಿದು ಒಂದೊಂದೇ ಗೆರೆಯನ್ನು ಮುಟ್ಟಿ ನೋಡಿದೆ. ಕೆಳಗಿನವು ಆಳವಾಗಿದ್ದವು, ಮೇಲೆ ಬರುಬರುತ್ತ ತೆಳುವಾಗಿ, ಕೊನೆಯದು ಸ್ವಲ್ಪ ಓರೆಯಾಗಿತ್ತು.

ತಮ್ಮ ಮಾತ್ರ ಬಹಳ ಹೊತ್ತು ಟಾರ್ಚು ಹಿಡಿದು ನೋಡಿದ. ನಗು ಹೋಗಿತ್ತು. ಆದರೂ ಮೆಟ್ಟಿಲು ಹತ್ತುವಾಗ, "ಗೆರೆ ಇರೋದೇನೋ ಸರಿ ಕಣಕ್ಕ. ಅಪ್ಪನೇ ಕೊರೆದಿದ್ದು ಅಂತ ಎಂಗೆ ಏಳ್ತೀಯ? ಕೊಳ ಕಟ್ಟಿದೋರು ಅಳತೆಗೆ ಅಂತ ಹಾಕಿರ್ಬೋದು. ಅಪ್ಪ ಅದನ್ನ ಎಣಿಸ್ಕೊಂಡು ಬಂದು ಕತೆ ಏಳಿರ್ಬೋದು," ಎಂದ.

"ನಿಂಗೆ ಇನ್ನೇನು ಸಾಕ್ಸಿ ಬೇಕೋ?"

"ನಂಗಲ್ಲ. ಮನೇಲಿ ಹುಡುಗ್ರು ಕೇಳ್ತವೆ. ಅವನು ಕೊರೀತಿದ್ದ ಅನ್ನೋದು ಗೊತ್ತಿರೋರು ಯಾರಾದ್ರೂ ಒಬ್ರು ಇರ್ಬೇಕಲ್ಲ. ಅವನ ಜೊತೇಲಿ ಇಳೀತಿದ್ದೋರು ಒಬ್ರೂ ಉಳಿದಿಲ್ಲ."

ಆಕೆ ಛತ್ರದ ಬಾಗಿಲಲ್ಲಿ ಟವೆಲ್ ಹಿಂಡಿ, ಸಂದರ್ಶಕರ ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಹೆಸರು, ಫೋನ್ ನಂಬರು ಬರೆದರು. 'ಅಭಿಪ್ರಾಯ' ಎಂಬ ಜಾಗವನ್ನು ಖಾಲಿ ಬಿಟ್ಟರು. ತಮ್ಮನ ಬೈಕಿನ ಹಿಂದೆ ಕುಳಿತು ಹೊರಟಾಗ ನನಗೆ ಕೈ ಬೀಸಿದರು. ಹಸಿರಾದ ಟವೆಲ್ ಮಡಿಲಲ್ಲಿತ್ತು.

ಮನೆಗೆ ಬಂದು ಚಟ್ನಿ ನೆಕ್ಕಿ ನೋಡಿದೆ; ಉಪ್ಪೇ ಹಾಕಿರಲಿಲ್ಲ. ಮಧ್ಯಾಹ್ನ ಊಟದ ಮೇಲೆ ಕಾರ್ಡು ತೆಗೆದು ಆ ವಾಕ್ಯಕ್ಕೆ ಗೀಟು ಹಾಕಿದೆ. ಅದರ ಜಾಗದಲ್ಲಿ ಬರೆಯಲು ಕುಳಿತರೆ, ಹತ್ತೊಂಬತ್ತು ಗೆರೆಗಳಿವೆ ಎಂದು ಬರೆಯಬಲ್ಲೆ. ಯಾರದೆಂದು ಬರೆಯಲು ಧೈರ್ಯ ಬರಲಿಲ್ಲ. ಪೆನ್ನಿನ ಕ್ಯಾಪು ಮುಚ್ಚಿಟ್ಟೆ.

ಸಂಜೆ ಹಿತ್ತಲಿನಲ್ಲಿ ಸೀರೆಯ ಅಂಚಿನ ಪಾಚಿಕಲೆಗೆ ಸೋಪು ತಿಕ್ಕುತ್ತಿದ್ದೆ. ಪಕ್ಕದ ಮನೆಯವರು ಒಗ್ಗರಣೆಗೆ ಕರಿಬೇವು ಬೇಕೆಂದು ಕಾಂಪೌಂಡಿನ ಆ ಕಡೆ ಬಂದು ನಿಂತರು.

"ಇದೇನ್ರೀ, ಸೀರೆ ಅಂಚೆಲ್ಲ ಹಸಿರಾಗಿದೆ?"

"ಕೊಳಕ್ಕೆ ಇಳಿದಿದ್ದೆ," ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

"ಅಯ್ಯೋ ಶಿವನೇ, ಅದರೊಳಕ್ಕಾ? ನಮಗೆ ಆ ಕಿಂಡಿ ಹತ್ರ ಹೋಗೋದಕ್ಕೇ ಜೀವ ಹೋಗ್ತಿತ್ತು. ವರ್ಷಕ್ಕೊಂದು ದಿನ ಹೂಳೆತ್ತೋರು ಬರ್ತಿದ್ರು ನೋಡಿ, ಆವತ್ತು ಸಾಯಂಕಾಲ ಎಲ್ಲರೂ ಮೇಲೆ ಬಂದ್ರೂ ಒಬ್ಬ ಮಾತ್ರ ಒಳಗೇ ಉಳ್ಕೊಳ್ತಿದ್ದ. ನಮ್ಮನೆ ಜಗಲಿ ತನಕ ಟಕ್ ಟಕ್ ಅಂತ ಕಲ್ಲು ಕುಟ್ಟೋ ಸದ್ದು. ಗಂಗಮ್ಮ ಬಳೆ ತೊಡ್ತಿದ್ದಾಳೆ, ಆ ಕಡೆ ಹೋಗ್ಬೇಡ್ರೇ ಅಂತ ನಮ್ಮಜ್ಜಿ ಹೆದರಿಸೋರು ಕಣ್ರೀ... ಬಲಿತಿದ್ದು ಬೇಡ, ಆ ತುದೀಲಿ ಎಳೇದಿದೆಯಲ್ಲ, ಅದನ್ನ ಎರಡು ಎಸಳು ಕಿತ್ಕೊಡಿ ಸಾಕು."