ಎಂಜಲಿನ ತೂಕ

ಆಸ್ಪತ್ರೆಯ ಅಡುಗೆಮನೆಯ ಹಿಂಬಾಗಿಲಲ್ಲಿ ಅವಳು ಎಂಜಲಿನ ಬಕೆಟ್ಟನ್ನು ತೂಕದ ಯಂತ್ರದ ಮೇಲಿಟ್ಟಳು. ಮೂವತ್ತೊಂದು ಕಿಲೋ. ಯಾಕೋ ಅನುಮಾನ ಬಂದು ಎಲ್ಲವನ್ನೂ ಜರಡಿಗೆ ಸುರಿದು ಮತ್ತೆ ತೂಗಿದಳು. ಹತ್ತೊಂಬತ್ತು. ಮಿಕ್ಕಿದ್ದು ಬರೀ ನೀರು. ತಟ್ಟೆಯಲ್ಲಿ ಅಗುಳು ಒಣಗಿ ಅಂಟದಿರಲೆಂದು ಪಾತ್ರೆ ತೊಳೆಯುವವರು ಒಂದೊಂದಕ್ಕೂ ಅರ್ಧ ಲೋಟ ನೀರು ಹಾಕಿ ಅದೇ ಬಕೆಟ್ಟಿಗೆ ಬಗ್ಗಿಸುತ್ತಿದ್ದರು.

ಅವಳಿಗೆ ಮೊದಲು ಆದದ್ದು ಸಂತೋಷ.

ಕಾರಣ ಚಿಕ್ಕಮ್ಮನ ಮಗಳು. ಇಬ್ಬರೂ ಆಹಾರ ಮತ್ತು ಪರಿಸರ ವಿಷಯದಲ್ಲಿ ಒಟ್ಟಿಗೇ ಪದವಿ ಪಡೆದು, ನಗರಾಡಳಿತದ ಆಹಾರ ನೀತಿ ವಿಭಾಗಕ್ಕೆ ಒಟ್ಟಿಗೇ ಸೇರಿದ್ದರು. ತಂಗಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು, ಇವಳಿಗೆ ಗಂಬೂಟು. ವರ್ಷದ ಕೊನೆಗೆ ಕಾಯಂ ಆಗುವುದು ಒಬ್ಬರೇ. ತಂಗಿಯ ಫೋಟೋ ಪೇಪರಿನಲ್ಲಿ ಬಂದ ದಿನ ಅಮ್ಮ ಅದನ್ನು ಇಡೀ ಬೀದಿಗೆ ತೋರಿಸಿ ಬಂದು, ನಿನ್ನದು ಯಾವಾಗ ಎಂದು ಕೇಳಿದ್ದಳು.

"ಎಂಜಲು ತೂಗೋರ ಫೋಟೋ ಯಾರು ಹಾಕ್ತಾರಮ್ಮ?"

ಈಗ ಆ ತಂಗಿಯೇ, ಅಡುಗೆಮನೆಗಳವರು ಫೋನಿನಲ್ಲಿ ಹೇಳಿದ ತೂಕವನ್ನು ನಂಬಿ, ಬಡಿಸಿದ್ದರಲ್ಲಿ ಮೂರನೇ ಒಂದು ಪಾಲು ಹಾಳಾಗುತ್ತಿದೆ, ರೋಗಿಗಳಿಗೆ ಒಂದೊಂದು ಸೌಟು ಕಡಿಮೆ ಬಡಿಸಬಹುದು ಎಂದು ವರದಿ ಬರೆದಿದ್ದಳು. ಗುರುವಾರ ಅದು ಸಮಿತಿಯ ಮುಂದೆ ಹೋಗಲಿತ್ತು. ಅಲ್ಲಿ ಯಾರಾದರೂ ಈ ನೀರಿನ ಮಾತೆತ್ತಿದರೆ ಸಾಕು. ಇವಳು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಳು. "ಅಕ್ಕಾ, ಒಂದ್ಸಲ ಓದಿ ನೋಡೇ" ಎಂದು ತಂಗಿ ವರದಿ ಚಾಚಿದಾಗಲೂ ಚೆನ್ನಾಗಿದೆ ಎಂದಷ್ಟೇ ಹೇಳಿದಳು.

ಬುಧವಾರ ಮುಖ್ಯ ಅಡುಗೆಯಾಕೆ ಒಂದು ಹೊಸ ಸೌಟು ತೋರಿಸಿದಳು. ಆಸ್ಪತ್ರೆಯವರು ಸಮಿತಿಗೂ ಕಾಯದೆ ತರಿಸಿಬಿಟ್ಟಿದ್ದರು.

"ನೋಡಿ ತೂಕದ ಮೇಡಂ, ಇದು ಸೌಟೋ, ಔಷಧಿ ಕುಡಿಸೋ ಚಮಚನೋ? ನಾಳೆ ಬೈಸಿಕೊಳ್ಳೋದು ಬಡಿಸೋಳು, ಬರೆದೋರಲ್ಲ."

ಆ ಸಂಜೆ ಇವಳು ಕಿಟಕಿ ಪಕ್ಕದ ಮೇಜಿಗೆ ಹೋಗಿ ನೀರಿನ ವಿಷಯ, ಸೌಟಿನ ವಿಷಯ ಎರಡನ್ನೂ ಹೇಳಿದಳು. ತಂಗಿ ಪೆನ್ನು ಕೆಳಗಿಟ್ಟಳು.

"ನಿನಗೆ ಯಾವಾಗ ಗೊತ್ತಾಯ್ತು?"

"ಸೋಮವಾರ."

ತಂಗಿ ವರದಿಯನ್ನು ಹತ್ತಿರಕ್ಕೆಳೆದುಕೊಂಡು ಸೌಟಿನ ಸಾಲಿನ ಮೇಲೆ ಗೀಟು ಹಾಕಿದಳು. ಮರುದಿನ ಸಮಿತಿಯ ಮುಂದೆ ತಾನೇ ಎದ್ದು ನಿಂತು ತಪ್ಪು ಒಪ್ಪಿಕೊಂಡಳು, ಸೌಟಿನ ಸಲಹೆಯನ್ನು ಹಿಂತೆಗೆದುಕೊಂಡಳು, ನೀರನ್ನು ಕಂಡುಹಿಡಿದದ್ದು ಅಕ್ಕ ಎಂದೂ ಹೇಳಿದಳು. ಸೋಮವಾರದ ಸುದ್ದಿ ಎತ್ತಲಿಲ್ಲ. ಅಧ್ಯಕ್ಷರು ಅವಳ ಪ್ರಾಮಾಣಿಕತೆಯನ್ನು ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಇವಳಿಗೆ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು. ಈ ಸಲ ದೂರಲು ತಂಗಿಯಲ್ಲಿ ಒಂದು ತಪ್ಪೂ ಉಳಿದಿರಲಿಲ್ಲ.

ಕಾಯಂ ಹುದ್ದೆ ತಂಗಿಗಾಯಿತು. ಮುಂದಿನ ತಿಂಗಳಿನಿಂದ ಇವಳು ಅವಳ ಕೈಕೆಳಗೆ ಕೆಲಸ ಮಾಡಲಿದ್ದಾಳೆ.